ಇಪ್ಪತ್ತೇಳನೇ ನಂಬರಿನ ತಲೆ ಸುತ್ತಳತೆ

ಜನವರಿ 8

ಚಿಕ್ಕಪ್ಪನಿಗೆ ನಮಸ್ಕಾರ.

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನೀವು ಕನ್ನಡಕ ಹುಡುಕುವಷ್ಟರಲ್ಲಿ ವಿಷಯ ಹೇಳಿಬಿಡುತ್ತೇನೆ. ನಮಗೆ ಇನ್ನೊಂದು ಫೈಲು ಬಂದಿದೆ. ಹೊರದೇಶದ ಅದೇ ಶಿಶುಗೃಹದಿಂದ. ಹೆಣ್ಣುಮಗು, ಒಂದು ವರ್ಷ ಹತ್ತು ತಿಂಗಳು. ನಾವು ಒಪ್ಪಿದ ಮೇಲಷ್ಟೇ ಹೆಸರು ಹೇಳುತ್ತಾರಂತೆ. ಅಲ್ಲಿಯವರೆಗೆ ಅವಳು ಇಪ್ಪತ್ತೇಳನೇ ನಂಬರು. ಒಂದು ಫೋಟೋ ಇದೆ. ಅದರಲ್ಲಿ ಮಗುವಿಗಿಂತ ಟೋಪಿಯೇ ಹೆಚ್ಚು ಕಾಣುತ್ತದೆ.

ಫೋಟೋ ಬಿಟ್ಟರೆ ಮೂವತ್ತೊಂದು ಪುಟ ಆರೋಗ್ಯದ ದಾಖಲೆ. ಅನುವಾದ ಮಾಡಿದ ಪುಣ್ಯಾತ್ಮ ಅಲ್ಲಿಯ ಭಾಷೆ ಮರೆತಿದ್ದಾನೋ, ಇಲ್ಲಿಯದನ್ನು ಕಲಿತೇ ಇಲ್ಲವೋ ತಿಳಿಯದು. "ಮಗು ಸಂತೋಷದ ಸ್ವರದಲ್ಲಿ ನಿರಾಕರಿಸುತ್ತದೆ" ಎಂದು ಒಂದು ಕಡೆ. "ಮೆದುಳು ಗರ್ಭಕಾಲದ ನೆರಳಿನಲ್ಲಿದೆ" ಎಂದು ಇನ್ನೊಂದು ಕಡೆ. ಮೊದಲನೆಯದಕ್ಕೆ ಇಬ್ಬರೂ ನಕ್ಕೆವು. ಎರಡನೆಯದನ್ನು ಓದಿದ ಮೇಲೆ ನಿಮ್ಮ ಅಳಿಯ ಡ್ರಾಯಿಂಗ್ ಮೇಷ್ಟ್ರು ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದರು. ಬೆಳಿಗ್ಗೆಯೇ ನೀರು ಕುಡಿದಿದ್ದ ಗಿಡಗಳಿಗೆ.

ಮಾರ್ಚ್ ಒಂದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೇಳದಿದ್ದರೆ ಫೈಲು ಬೇರೆಯವರಿಗೆ ಹೋಗುತ್ತದೆ. ಮಕ್ಕಳ ಡಾಕ್ಟರೊಬ್ಬರಿಂದ ಓದಿಸಿ ಎಂದು ದತ್ತು ಕಚೇರಿಯವರು ಹೇಳಿದ್ದಾರೆ. ಗುರುತಿಲ್ಲದ ಡಾಕ್ಟರಿಗೇ ಕೊಡೋಣವೆಂದು ನಾನು. ಮೇಷ್ಟ್ರು ಮಾತ್ರ, "ಬೈಕೊಳ್ಳೋಕಾದ್ರೂ ಗುರುತಿನವರು ಬೇಕಲ್ವಾ" ಅಂದರು.

ಹೋದ ಸಲ ಆ ಇನ್ನೊಂದು ಹೆಣ್ಣುಮಗುವಿನ ಫೈಲು ಕಳಿಸಿದಾಗ ನೀವು ಬರೆದ ಉತ್ತರದಲ್ಲಿ ಇದ್ದದ್ದು ಎರಡೇ ಅಕ್ಷರ, "ಬೇಡ". ಈ ಸಲ ಎರಡಕ್ಷರ ಸಾಲದು. ಪ್ರತಿ ಜತೆ ಇಟ್ಟಿದ್ದೇನೆ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಅಣ್ಣನ ಮಗಳು,
ಸೂಜಿ


ಜನವರಿ 16

ಪ್ರೀತಿಯ ಸೂಜಿ,

ಕನ್ನಡಕ ಮೂಗಿನ ಮೇಲೇ ಇತ್ತು. ಅದು ಅಲ್ಲಿದೆ ಎಂದು ಹೇಳಲು ನಿನ್ನ ಚಿಕ್ಕಮ್ಮ ಬೇಕಾಯಿತು. ಮಕ್ಕಳ ಡಾಕ್ಟರಿಕೆಯಿಂದ ನಿವೃತ್ತನಾದ ಮೇಲೆ ನನಗೆ ವೃತ್ತಿ ಹೋಯಿತು, ಪ್ರವೃತ್ತಿ ಉಳಿಯಿತು, ಪುನರಾವೃತ್ತಿ ಹೆಚ್ಚಾಯಿತು ಎನ್ನುವುದು ಅವಳ ರೋಗನಿರ್ಣಯ. ಹಾಗಾಗಿ ನಿನ್ನ ಫೈಲನ್ನು ಮೂರು ಸಲ ಓದಿದ್ದೇನೆ. ದತ್ತು ತೆಗೆದುಕೊಳ್ಳುವವರು ಮೊದಲು ದತ್ತಾಂಶ ಓದಬೇಕಲ್ಲವೆ.

ನಾನು ಜೋರಾಗಿ "ಇಪ್ಪತ್ತೇಳನೇ ನಂಬರಿಗೆ ಹಲ್ಲು ಹತ್ತು" ಎಂದು ಓದುತ್ತಿದ್ದರೆ ಅವಳು ಒಳಗಿನಿಂದ, "ಮಗೂನ ನಂಬರಲ್ಲಿ ಕರೀತೀರಲ್ಲ, ಅದೇನು ಬಸ್ಸಾ?" ಎಂದಳು. ಅವರೇ ಹಾಗೆ ಕರೆಯುತ್ತಾರೆ ಎಂದೆ. "ಅವರು ಕರೆದ್ರೆ ಅವರ ಬಾಯಿ. ನಿಮ್ಮ ಬಾಯಿ ನಿಮ್ಮದಲ್ವಾ?" ಅಂದಳು. ಅಂದಿನಿಂದ ಈ ಮನೆಯಲ್ಲಿ ಅವಳು ಪುಟ್ಟಿ.

ಈಗ ನೆರಳಿನ ವಿಚಾರ. ಆ ದೇಶದಲ್ಲಿ ಆರು ವರ್ಷ ಆಸ್ಪತ್ರೆಯಲ್ಲಿ ದುಡಿದು ಬಂದ ನನ್ನ ಸಹಪಾಠಿಯೊಬ್ಬನಿದ್ದಾನೆ. ಮೂಲದ ಹಾಳೆ ತೋರಿಸಿದೆ. ನೋಡಿದವನೇ ನಕ್ಕ. ಬಸುರಿನಲ್ಲಿ ಒಮ್ಮೆಯೂ ತಪಾಸಣೆಗೆ ಬಾರದ ತಾಯಿಯ ಮಗುವಿಗೆ ಅಲ್ಲಿ ಹುಟ್ಟಿದ ದಿನವೇ ಆ ಪದ ಬರೆದುಬಿಡುತ್ತಾರಂತೆ, "ಕಣ್ಣಿಟ್ಟಿರಿ" ಎನ್ನುವ ಅರ್ಥದಲ್ಲಿ. ನಮ್ಮವರು ಜ್ವರಕ್ಕೂ ಜಗಳಕ್ಕೂ ಚೀಟಿಯಲ್ಲಿ "ವೀಕ್ನೆಸ್" ಎಂದು ಗೀಚುವುದಿಲ್ಲವೆ, ಹಾಗೆ. ಮಗುವಿಗೆ ಫಿಟ್ಸ್ ಬಂದಿಲ್ಲ. ಎಂಟನೇ ತಿಂಗಳಿಗೆ ಕೂತಿದೆ, ಹದಿಮೂರಕ್ಕೆ ನಿಂತಿದೆ, ಹದಿನೈದಕ್ಕೆ ನಡೆದಿದೆ, ಹದಿನಾರಕ್ಕೆ ದಾದಿಯ ಚಪ್ಪಲಿ ಬಚ್ಚಿಟ್ಟಿದೆ. ಇದು ಪುಟ ಹದಿನಾಲ್ಕರಲ್ಲಿ ದೂರಿನ ರೂಪದಲ್ಲಿದೆ. ನನ್ನ ಮಟ್ಟಿಗೆ ಇಡೀ ಫೈಲಿನ ಅತ್ಯುತ್ತಮ ವೈದ್ಯಕೀಯ ವರದಿ ಅದೇ.

"ಸಂತೋಷದ ಸ್ವರದಲ್ಲಿ ನಿರಾಕರಿಸುತ್ತದೆ" ಎಂದರೆ ಊಟಕ್ಕೆ ಕರೆದರೆ ನಗುತ್ತಾ "ಒಲ್ಲೆ" ಅನ್ನುತ್ತಾಳಂತೆ. ಇದು ರೋಗವಾದರೆ ನಿನಗೆ ಮದುವೆಯವರೆಗೂ ಇತ್ತು.

ಪುಟ ಹತ್ತೊಂಬತ್ತನ್ನು ಮಾತ್ರ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೇನೆ. ಮೂರು ಸಲ ಬಲಗಿವಿ ಸೋರಿದೆ. "ಕರೆದರೆ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ." ಇದು ಭಾಷಾಂತರದ ಅವಾಂತರವಲ್ಲ, ನಿಜ ಇರಬಹುದು. ಆ ಕಿವಿ ಸ್ವಲ್ಪ ಮಂದವಿರಬಹುದು. ಚಿಕಿತ್ಸೆ ಇದೆ, ಓಡಾಟವೂ ಇದೆ. ತಿಳಿದಿರಲಿ.

ಕೊನೆಯ ಪುಟಗಳು ಬರೀ ಅಂಕಿ: ತೂಕ, ಉದ್ದ, ತಲೆ, ಎದೆ. ಅವನ್ನು ಗ್ರಾಫ್ ಹಾಳೆಗೆ ಇಳಿಸಿ ನೋಡಬೇಕು. ಹೊಲಿಯುವುದು ನಿನ್ನ ಕಸುಬು, ಹೋಲಿಸುವುದು ನನ್ನದು. ಸ್ವಲ್ಪ ಸಮಯ ಕೊಡು.

ಹೋದ ಸಲದ ಎರಡಕ್ಷರದ ಬಗ್ಗೆ ಬರೆದಿದ್ದೀಯ. ಓದಿದೆ.

ನಿನ್ನ
ಚಿಕ್ಕಪ್ಪ


ಜನವರಿ 27

ಸೂಜಿ,

ಗ್ರಾಫ್ ಜತೆಗಿದೆ. ಕುರ್ಚಿಯಲ್ಲಿ ಕೂತು ಓದು.

ಹತ್ತನೇ ತಿಂಗಳಿನಲ್ಲಿ ಮಗುವಿನ ತಲೆಯ ಸುತ್ತಳತೆ ನಲವತ್ತಮೂರೂವರೆ ಸೆಂಟಿಮೀಟರ್. ಹದಿನಾಲ್ಕರಲ್ಲಿ ನಲವತ್ತಮೂರು ಮುಕ್ಕಾಲು. ಹದಿನೆಂಟರಲ್ಲಿ ಅಷ್ಟೇ. ಇಪ್ಪತ್ತೆರಡರಲ್ಲಿಯೂ ಅಷ್ಟೇ. ಈ ಒಂದು ವರ್ಷದಲ್ಲಿ ಅದು ಎರಡು ಸೆಂಟಿಮೀಟರಿನ ಆಸುಪಾಸು ಬೆಳೆಯಬೇಕಿತ್ತು. ಮಗುವಿನ ತಲೆ ಬೆಳೆಯುವುದು ಒಳಗಿನ ಮೆದುಳು ಬೆಳೆಯುವುದರಿಂದ. ತಲೆಯ ಗೆರೆ ಹೀಗೆ ಮಲಗಿಬಿಟ್ಟರೆ, ಈಗ ನಡೆಯುವ, ಬಚ್ಚಿಡುವ ಮಗುವಿಗೂ ಮುಂದೆ ಮಾತು, ಕಲಿಕೆ ಕಷ್ಟವಾಗಬಹುದು. ಎಷ್ಟು ಕಷ್ಟ ಎಂದು ಕಾಗದ ನೋಡಿ ಯಾರೂ ಹೇಳಲಾರರು.

ಹೋದ ಸಲದ ಮಗುವಿನ ಗೆರೆಯೂ ಹೀಗೇ ಇತ್ತು. ಆಗ ನಿನಗೆ ಕಾರಣ ಬರೆಯಲಿಲ್ಲ. ಬರೆದರೆ ನೀನು ವಾದ ಮಾಡುತ್ತೀಯ, ವಾದ ಮಾಡಿದರೆ ನಾನು ಸೋಲುತ್ತೇನೆ, ಸೋತರೆ ನೀನು ಒಂಟಿಯಾಗಿ ಜೀವಮಾನವಿಡೀ ಹೊರುತ್ತೀಯ ಎಂದು ಎಣಿಸಿದ್ದೆ. ಅದು ಸರಿಯಲ್ಲ ಎಂದು ಚಿಕ್ಕಮ್ಮ ಆಗಲೇ ಹೇಳಿದ್ದಳು.

ಈ ಸಲ ಬೇಡ ಎಂದು ಬರೆದಿಲ್ಲ. ಕಂಡದ್ದನ್ನು ಬರೆದಿದ್ದೇನೆ. ನೀವಿಬ್ಬರೂ ಕೂತು ಯೋಚಿಸಿ.

ಚಿಕ್ಕಪ್ಪ


ಫೆಬ್ರವರಿ 10

ಚಿಕ್ಕಪ್ಪ,

ನಿಮ್ಮ ಕಾಗದವನ್ನು ಎಂಟು ದಿನ ಅಂಗಡಿಯ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟಿದ್ದೆ. ಶಾಲೆಯ ಯೂನಿಫಾರಮ್ಮುಗಳ ಕೆಲಸ ರಾಶಿ ಬಿದ್ದಿತ್ತು. ಬೀಳದಿದ್ದರೂ ಬಿದ್ದಿದೆ ಎನ್ನುತ್ತಿದ್ದೆ.

ಮೇಷ್ಟ್ರು ಮಾತು ಬಿಟ್ಟು ಗೆರೆ ಹಿಡಿದರು. ನಿಮ್ಮ ಗ್ರಾಫನ್ನು ಗೋಡೆಯಷ್ಟು ದೊಡ್ಡ ಹಾಳೆಯಲ್ಲಿ ಮತ್ತೆ ಬರೆದರು. ತೂಕ ಹಸಿರು, ಉದ್ದ ನೀಲಿ, ತಲೆ ಕೆಂಪು, ಎದೆ ಕಂದು. ಹಸಿರು ಗೆರೆ ಏಣಿ ಹತ್ತಿದ ಹಾಗೆ ಹೋಗಿದೆ. ನೀಲಿ ಏದುಸಿರು ಬಿಡುತ್ತಾ ಹತ್ತಿದೆ. ಕೆಂಪು, ಕಂದು ಎರಡೂ ಚಾಪೆ ಹಾಸಿ ಮಲಗಿವೆ. ಮನೆಯಲ್ಲಿ ಅದನ್ನು ನೋಡಲಾರದೆ ಅಂಗಡಿಗೆ ತಂದೆ. ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಎದುರಿಗೇ ಸಿಕ್ಕಿಸಿದೆ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

ಮೊನ್ನೆ ನಮ್ಮಲ್ಲಿ ಗುಂಡಿಯ ತೂತಿಗೆ ಕಾಜಾ ಹಾಕುವ ಅಕ್ಕ ತಲೆ ಎತ್ತಿ, "ಇದೇನಮ್ಮಾ, ಯಾರ ಅಳತೆ?" ಅಂದಳು.

"ಒಂದು ಮಗೂದು."

"ಎರಡೂವರೆ ಕೇಜಿ ಹೆಚ್ಚಾಗಿದೆ, ಎದೆ ಒಂದು ದಾರದಷ್ಟೂ ಹೆಚ್ಚಾಗಿಲ್ಲ. ಅಷ್ಟು ಮಾಂಸ ಎಲ್ಲಿಗೆ ಹೋಯ್ತು, ಜೇಬಿಗಾ?"

ಅವಳು ಹಲ್ಲಿನಲ್ಲಿ ದಾರ ಕಡಿದು, "ಟೇಪು ಬದಲಾಯಿಸೋಕೆ ಹೇಳಿ ಅವರಿಗೆ. ಹಳೇದಾಗಿ ಜಗ್ಗಿರತ್ತೆ" ಅಂದು ಮುಂದಿನ ಕಾಜಾಕ್ಕೆ ಹೋದಳು.

ಚಿಕ್ಕಪ್ಪ, ಹದಿನೆಂಟು ವರ್ಷದಿಂದ ಕುತ್ತಿಗೆಗೆ ಟೇಪು ಹಾಕಿಕೊಂಡು ಓಡಾಡುವವಳು ನಾನು. ನನಗೆ ಕತ್ತರಿ ಹಿಡಿಯಲು ಕಲಿಸಿದ ಯಜಮಾನರು ವರ್ಷಕ್ಕೊಂದು ಸಲ ಹಳೆಯ ಬಟ್ಟೆ ಟೇಪನ್ನು ನಾಲ್ಕು ತುಂಡು ಮಾಡಿ ಎಸೆಯುತ್ತಿದ್ದರು, ತಪ್ಪಿಯೂ ಇನ್ನೊಬ್ಬರ ಕೈಗೆ ಹೋಗಬಾರದೆಂದು. ಬಟ್ಟೆಯ ಟೇಪು ಜಗ್ಗಿದರೆ ಅದರ ಮೇಲಿನ ಗೆರೆಗಳು ದೂರ ದೂರ ಆಗುತ್ತವೆ. ಆಗ ಅದೇ ಎದೆಗೆ ಸುತ್ತಿದರೆ ಕಡಿಮೆ ಅಂಕಿ ತೋರಿಸುತ್ತದೆ. ಗಿರಾಕಿ ದಪ್ಪವಾಗಿರುತ್ತಾನೆ, ಟೇಪು ಅವನನ್ನು ಹೊಗಳುತ್ತದೆ, ಅಂಗಿ ಹೊಲಿದ ಮೇಲೆ ಗುಂಡಿ ನಿಜ ಹೇಳುತ್ತದೆ. ಇದು ನನಗೆ ಹೊಳೆಯಲಿಲ್ಲ. ಡಾಕ್ಟರ ಕಾಗದದಲ್ಲಿ ಬರೆದ ಅಂಕಿ ಅಂದಮೇಲೆ ಮುಗಿಯಿತು ಅಂದುಕೊಂಡಿದ್ದೆ.

ಮನೆಗೆ ಓಡಿ ಬಂದು ಫೈಲು ತೆಗೆದೆ. ಪುಟ ಇಪ್ಪತ್ತನಾಲ್ಕು ನೋಡಿ. ಅದು ಶಿಶುಗೃಹದ ಶುಚಿತ್ವದ ನಿಯಮ. ವೈದ್ಯಕೀಯವಲ್ಲ ಎಂದು ನೀವು ಬಿಟ್ಟಿರುತ್ತೀರಿ. ನಾವೂ ಬಿಟ್ಟಿದ್ದೆವು. "ತಿಂಗಳ ಮೊದಲ ಸೋಮವಾರ ಎಲ್ಲ ಮಕ್ಕಳ ಅಳತೆ. ಪ್ರತಿ ಮಗುವಿನ ನಂತರ ಬಟ್ಟೆಯ ಟೇಪನ್ನು ಕುದಿಯುವ ನೀರಿನಲ್ಲಿ ತೊಳೆದು, ಕೆಳತುದಿಗೆ ಕಬ್ಬಿಣದ ಕ್ಲಿಪ್ಪು ಹಾಕಿ, ನೇರವಾಗಿ ನೇತುಹಾಕಿ ಒಣಗಿಸತಕ್ಕದ್ದು." ಅಲ್ಲಿ ನಲವತ್ತು ಮಕ್ಕಳು. ಪಾಪ, ಆ ದಾದಿ ಶುಚಿಯಾದಷ್ಟೂ ಮಕ್ಕಳು ಕುಗ್ಗುತ್ತಿವೆ.

ನಾನು ಎರಡು ಹೊಸ ಟೇಪು ತಂದೆ. ಒಂದನ್ನು ಗೋಡೆಗೆ ಅಂಟಿಸಿದೆ, ಇನ್ನೊಂದನ್ನು ಕುದಿಸಿ, ಕ್ಲಿಪ್ಪು ಹಾಕಿ, ನೇತುಹಾಕಿ, ಮತ್ತೆ ಕುದಿಸಿದೆ. ಮೇಷ್ಟ್ರು ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ಎತ್ತಿ, "ಇವತ್ತು ಊಟಕ್ಕೆ ಇದೇನಾ?" ಅಂದರು. ಎಂಟು ದಿನದಲ್ಲಿ ಅವರಾಡಿದ ಮೊದಲ ಮಾತು. ಮೂವತ್ತು ಸಲ ಬೇಯಿಸಿದ ಮೇಲೆ ಎರಡನ್ನೂ ಜೋಡಿಸಿ ನೋಡಿದೆವು. ಬೆಂದದ್ದು ಅರ್ಧ ಬೆರಳು ಉದ್ದವಾಗಿತ್ತು. ಅವರದು ಎರಡು ವರ್ಷದಿಂದ ಬೇಯುತ್ತಿದೆಯೇನೋ.

ತೂಕಕ್ಕೆ ಟೇಪು ಬೇಡ. ಅದಕ್ಕೇ ಹಸಿರು ಗೆರೆ ಒಂದೇ ನೆಟ್ಟಗೆ ಹತ್ತಿದೆ.

ನನ್ನ ಆಸೆಗೆ ತಕ್ಕಂತೆ ನಾನು ಓದುತ್ತಿದ್ದೇನೆಯೆ? ಹಾಗಿದ್ದರೆ ಹಾಗೆಂದೇ ಹೇಳಿ. ಇಲ್ಲಿ ಇನ್ನೊಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಬೇಡಿ.

ಸೂಜಿ


ಫೆಬ್ರವರಿ 14

ಮಗಳೇ,

ಬೆಳಕಿಗೆ ಹಿಡಿಯಲಿಲ್ಲ. ಹಿಡಿಯಬೇಕಾದ ಅಗತ್ಯ ಬೀಳಲಿಲ್ಲ.

ಮೊದಲು ಪುಟ್ಟಿಯ ವಿಷಯ. ನಿನ್ನ ಕಾಗದ ಓದಿ ಮತ್ತೆ ಲೆಕ್ಕ ಹಾಕಿದೆ. ತಲೆ, ಎದೆ, ಉದ್ದ ಮೂರೂ ಇರಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಂದೆ ಬಿದ್ದಿವೆ, ತಿಂಗಳು ತಿಂಗಳಿಗೂ ಜತೆಜತೆಯಾಗಿ. ರೋಗಕ್ಕೆ ಅಷ್ಟೊಂದು ಶಿಸ್ತಿರುವುದಿಲ್ಲ. ಇದು ನಾನೇ ಕಾಣಬೇಕಾಗಿದ್ದ ಸಂಗತಿ. ನಲವತ್ತು ವರ್ಷ ನನ್ನ ಕ್ಲಿನಿಕ್ಕಿನಲ್ಲಿ ಅಳತೆ ತೆಗೆದದ್ದು ನರ್ಸು, ಟೇಪು ಬದಲಾಯಿಸಿದ್ದೂ ಅವಳೇ. ನನ್ನ ಕಿವಿಗೆ ಬಿದ್ದದ್ದು ಅಂಕಿ ಮಾತ್ರ. ತಲೆಯ ಸುತ್ತಳತೆ ನೋಡಿ ನನ್ನ ತಲೆ ಸುತ್ತಿತೇ ಹೊರತು, ಸುತ್ತಿದ್ದು ಯಾವುದರಿಂದ ಎಂದು ಕೇಳಲಿಲ್ಲ.

ಆದರೂ ಇದು ಊಹೆ. ಒಳ್ಳೆಯ ಊಹೆ, ಊಹೆಯೇ. ಇವತ್ತೇ ಕಚೇರಿಯವರಿಂದ ಬರೆಸು: ಜಗ್ಗದ ಉಕ್ಕಿನ ಟೇಪಿನಿಂದ ಮಗುವಿನ ತಲೆ, ಎದೆ, ಉದ್ದ ಮತ್ತೆ ಅಳೆದು ಕಳಿಸಲಿ. ಹಳೆಯ ಟೇಪನ್ನು ಅದರ ಪಕ್ಕ ಇಟ್ಟು ಒಂದು ಫೋಟೋವನ್ನೂ ಕಳಿಸಲಿ. ಅಂಕಿ ಬರುವವರೆಗೆ ಹೂಂ ಅನ್ನಬೇಡ. ಆಸೆಗೆ ತಕ್ಕಂತೆ ಓದುತ್ತಿದ್ದೀಯಾ ಎಂದು ಕೇಳಿದೆಯಲ್ಲ. ಹೌದು, ಓದುತ್ತಿದ್ದೀಯ. ನಾನು ಭಯಕ್ಕೆ ತಕ್ಕಂತೆ ಓದಿದೆ. ನಿನ್ನ ಓದಿನಲ್ಲಿ ಒಂದು ಪುಟ ಹೆಚ್ಚಿತ್ತು, ಅಷ್ಟೇ.

ಇನ್ನೊಂದು. ನೀನು ಕುಂಬಳಕಾಯಿ ಕಳ್ಳ ಅನ್ನಲೇ ಇಲ್ಲ. ನಾನೇ ಹೆಗಲು ಮುಟ್ಟಿ ನೋಡಿಕೊಂಡೆ. ಹೋದ ಸಲದ ಫೈಲಿನ ಪ್ರತಿ ನನ್ನ ಬೀರುವಿನಲ್ಲಿ ಇತ್ತು. ತೆಗೆದು ನೋಡಿದೆ. ಆ ಮಗುವಿನ ತೂಕ ಹತ್ತಿದೆ. ಎದೆ ಅಲ್ಲೇ ನಿಂತಿದೆ. ತಲೆ ಅಲ್ಲೇ ನಿಂತಿದೆ.

ಸೂಜಿ, ಅದಕ್ಕೂ ಇದೇ ಕಾರಣ ಇರಬಹುದು.

ಇದನ್ನು ಚಿಕ್ಕಮ್ಮನಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಿ, "ಅವಳಿಗೆ ಹೇಳ್ತೀರಾ?" ಅಂದಳು. ಹೇಳಬೇಕಲ್ಲ ಅಂದೆ. "ಹಾಗಾದ್ರೆ ತಮಾಷೆ ಸೇರಿಸಬೇಡಿ," ಅಂದಳು.

ಸೇರಿಸಿಲ್ಲ.

ನಿನ್ನ
ಚಿಕ್ಕಪ್ಪ


ಮಾರ್ಚ್ 4

ಚಿಕ್ಕಪ್ಪ,

ಗಡುವಿಗೆ ನಾಲ್ಕು ದಿನ ಇದ್ದಾಗ ಅಂಕಿ ಬಂತು. ತಲೆ ನಲವತ್ತೈದು ಸೆಂಟಿಮೀಟರು, ಮೇಲೆ ಮೂರು ಮಿಲಿಮೀಟರು. ಎದೆ, ಉದ್ದ ಎರಡೂ ಮೇಲಕ್ಕೆ ಹತ್ತಿವೆ. ಫೋಟೋದಲ್ಲಿ ಹಳೆಯ ಟೇಪು ಉಕ್ಕಿನದರ ಪಕ್ಕ ಮೂರು ಬೆರಳು ಉದ್ದ ಹಾಸಿಕೊಂಡಿದೆ. ಅಂಚಿನಲ್ಲಿ ದಾದಿಯ ಕೈ ಕಾಣುತ್ತದೆ, ಬಿಸಿನೀರಿಗೆ ಬೆರಳೆಲ್ಲ ಸುಕ್ಕಾಗಿದೆ. ಜತೆಗೆ ಆಕೆ ಬರೆದ ಕಾಗದ. ಅವರಲ್ಲಿ ಟೇಪು ಹರಿಯುವವರೆಗೂ ಒಂದೇ ಅಂತೆ. ಹಿಂದಿನದು ಹರಿದದ್ದು ಎರಡು ವರ್ಷದ ಹಿಂದೆ. ಅಂದರೆ ಆ ಮೊದಲ ಮಗುವನ್ನು ಅಳೆದದ್ದು ಹರಿಯುವ ಮುಂಚಿನ, ಪೂರಾ ಜಗ್ಗಿದ ಟೇಪಿನಲ್ಲಿ.

ಫೆಬ್ರವರಿ ಇಪ್ಪತ್ತಾರಕ್ಕೆ ಹೂಂ ಅಂದೆವು. ಮೇಷ್ಟ್ರು ಸಹಿ ಹಾಕುವಾಗ ಮೂರು ಸಲ ಪೆನ್ನು ಬದಲಾಯಿಸಿದರು. "ಎಲ್ಲಾದ್ರಲ್ಲೂ ಶಾಯಿ ಬರ್ತಿದೆ, ಏನು ಹುಡುಕ್ತಿದೀರಾ?" ಅಂದೆ. "ಚೆನ್ನಾಗಿ ಬರೋದು ಬೇಕು," ಅಂದರು.

ಆ ಮೊದಲ ಮಗುವಿನ ಬಗ್ಗೆಯೂ ಕೇಳಿದೆ. ಇನ್ನೂ ಅಲ್ಲೇ ಇದ್ದಾಳೆಯೆ ಎಂದು. ಉತ್ತರ ಬರುವವರೆಗಿನ ಆರು ದಿನದ ಬಗ್ಗೆ ಬರೆಯುವುದಿಲ್ಲ. ಅವಳಿಲ್ಲ. ನಾವು ಬೇಡ ಅಂದ ಐದು ತಿಂಗಳಿಗೆ ಬೇರೊಂದು ಮನೆ ಸೇರಿದ್ದಾಳೆ. ಅವರಿಗೂ ಹೋದದ್ದು ಅದೇ ಫೈಲು, ಅದೇ ಅಂಕಿ. ಟೇಪಿನ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ತಲೆ ಬೆಳೆದಿಲ್ಲ ಎಂದೇ ತಿಳಿದು ಹೂಂ ಅಂದಿದ್ದಾರೆ.

ಇದನ್ನು ಓದಿ ನಿಮಗೆ ಏನನ್ನಿಸುತ್ತದೆಯೋ ನನಗೆ ಗೊತ್ತು. ಅದಕ್ಕೇ ಒಂದು ಮಾತು. ಎರಡು ವರ್ಷ ನಿಮ್ಮ ಮೇಲೆ ಸಿಟ್ಟು ಹೊತ್ತುಕೊಂಡು ಓಡಾಡಿದೆ. ಈಗ ಕೆಳಗಿಳಿಸಿ ಬಿಚ್ಚಿ ನೋಡಿದರೆ ಗಂಟಿನೊಳಗೆ ಅರ್ಧ ನನ್ನದೇ ಬಟ್ಟೆ. ಯಾಕೆ ಬೇಡ ಎಂದು ಒಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಆ ಫೈಲು ಓದಿದ ದಿನವೇ ನನಗೆ ಹೆದರಿಕೆ ಹುಟ್ಟಿತ್ತು. ನಿಮ್ಮ "ಬೇಡ" ಬಂದಾಗ ಅತ್ತದ್ದು ನಿಜ. ಅಳುವ ಮೊದಲು ಒಂದು ಕ್ಷಣ ಉಸಿರು ಹಗುರಾದದ್ದೂ ನಿಜ. ಆ ಕ್ಷಣಕ್ಕೆ ನಿಮ್ಮನ್ನು ಬೈದೆ. ಮೇಷ್ಟ್ರಿಗೂ ಇದನ್ನು ಹೇಳಿರಲಿಲ್ಲ. ಮೊನ್ನೆ ಹೇಳಿದೆ. "ನಂಗೂ ಹಾಗೇ ಆಗಿತ್ತು," ಅಂದರು.

ಆ ಮನೆಯವರು ಯಾರೋ, ಚೆನ್ನಾಗಿರಲಿ.

ಸೂಜಿ


ಏಪ್ರಿಲ್ 24

ಚಿಕ್ಕಪ್ಪ,

ಮುಂದಿನ ತಿಂಗಳು ಹನ್ನೊಂದಕ್ಕೆ ಹೊರಡುತ್ತೇವೆ. ನಿಮ್ಮಿಂದ ಒಂದು ತಿಂಗಳಿಗಿಂತ ಹೆಚ್ಚಾಯಿತು ಕಾಗದವಿಲ್ಲ. ಚಿಕ್ಕಮ್ಮ ಬರೆದಿದ್ದರು, "ಅವರಿಗೆ ಏನೂ ಆಗಿಲ್ಲ. ದಿನಾ ಹಳೇ ಫೈಲು ತೆಗೆದಿಟ್ಕೊಂಡು ಕೂತಿರ್ತಾರೆ. ತಾವು ನೋಡಿದ ಮಕ್ಕಳನ್ನೆಲ್ಲಾ ಮತ್ತೆ ಅಳೀತಿದಾರೆ" ಎಂದು. ಅದರ ಕೆಳಗೆ, "ಏನಾದ್ರೂ ಕೆಲಸ ಕೊಡು ಇವರಿಗೆ," ಎಂದೂ.

ಕೆಲಸ ಇದೆ. ಕಚೇರಿಯವರು ಕೊನೆಯ ಫಾರಂ ಕೊಟ್ಟಿದ್ದಾರೆ. ಮಗು ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅವಳ ಬಗ್ಗೆ ಆ ದೇಶಕ್ಕೆ ವರದಿ ಹೋಗಬೇಕು. ಇಬ್ಬರು ಸಹಿ ಮಾಡಬೇಕು. ಒಂದನೇ ಖಾನೆ, ಮಗುವನ್ನು ನೋಡಿಕೊಳ್ಳುವ ವೈದ್ಯರು. ಎರಡನೇ ಖಾನೆ, ಕುಟುಂಬದ ಹಿರಿಯರು. ಕೆಳಗೆ ಸಣ್ಣ ಅಕ್ಷರದಲ್ಲಿದೆ: ವೈದ್ಯರು ಕುಟುಂಬದ ಸಂಬಂಧಿಯಾಗಿರಬಾರದು; ಒಬ್ಬರೇ ಎರಡೂ ಖಾನೆಯಲ್ಲಿ ಸಹಿ ಮಾಡುವಂತಿಲ್ಲ.

ಕಚೇರಿಯವರಿಗೆ ನಮ್ಮ ಸಂಬಂಧ ಗೊತ್ತು. ಆದರೂ ಫಾರಂ ಕೊಟ್ಟ ಹೆಂಗಸು, "ಈ ಫೈಲನ್ನು ಅವರಷ್ಟು ಯಾರೂ ಓದಿಲ್ಲ. ನೀವು ಕೇಳಿಕೊಂಡರೆ ವೈದ್ಯರ ಖಾನೆಗೆ ಅವರನ್ನೇ ವಿಶೇಷವಾಗಿ ಒಪ್ಪಿಸಬಹುದು," ಎಂದರು.

ಅಪ್ಪ ಇದ್ದಿದ್ದರೆ ಎರಡನೇ ಖಾನೆಗೆ ಯೋಚನೆಯೇ ಇರಲಿಲ್ಲ. ಈಗ ಎರಡೂ ಖಾಲಿ. ಎಲ್ಲಿ ಬರೆಯಲಿ, ನೀವೇ ಹೇಳಿ. ಫಾರಂ ಜತೆಗಿದೆ. ನಾನು ಬೇಡ ಬೇಡ ಅಂದರೂ ಮೇಷ್ಟ್ರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಹೂವು ಬರೆದಿದ್ದಾರೆ, ಅಳಿಸಿಬಿಡಿ.

ಸೂಜಿ


ಮೇ 1

ಪ್ರೀತಿಯ ಸೂಜಿ,

ಹೂವು ಅಳಿಸಲಿಲ್ಲ. ಸರ್ಕಾರಿ ಫಾರಮ್ಮಿಗೂ ಒಂದು ಬಾಳು ಬೇಡವೆ.

ಒಂದನೇ ಖಾನೆಗೆ ನಿಮ್ಮ ಬಸ್ ನಿಲ್ದಾಣದ ಎದುರಿನ ಕ್ಲಿನಿಕ್ಕಿನಲ್ಲಿ ಕೂರುವ ಡಾಕ್ಟರಮ್ಮನನ್ನು ಕೇಳು. ಆಕೆ ನನ್ನ ಶಿಷ್ಯೆಯಲ್ಲ, ಪರಿಚಯದವಳೂ ಅಲ್ಲ. ಮೊನ್ನೆ ನಾನೇ ನಿಮಗೆ ತಿಳಿಸದೆ ಬಸ್ಸು ಹತ್ತಿ, ಒಂದು ಸುಳ್ಳು ಕೆಮ್ಮು ತೆಗೆದುಕೊಂಡು ಹೋಗಿ ಸಾಲಿನಲ್ಲಿ ಕೂತು ನೋಡಿ ಬಂದೆ. ಒಂದು ಕೂಸು ಚೀರುತ್ತಿತ್ತು. ಆಕೆ ಅವಸರ ಮಾಡದೆ, ತಾಯಿಯನ್ನು ಎರಡೆರಡು ಸಲ ಕೇಳಿ, ಕೇಳಿದ್ದನ್ನು ಬರೆದುಕೊಂಡಳು. ನನ್ನ ಸರದಿ ಬಂದಾಗ ಗಂಟಲು ನೋಡಿ, "ನಿಮಗೆ ಕೆಮ್ಮಿಲ್ಲ ಅಜ್ಜಾ, ಇನ್ನೇನಾದ್ರೂ ಹೇಳೋದಿದ್ಯಾ?" ಅಂದಳು. ಇಷ್ಟು ಸಾಕು. ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಜನಕ್ಕೆ ಕೇಳಿದೆನೋ ಗೊತ್ತಿಲ್ಲ.

ಎರಡನೇ ಖಾನೆಯನ್ನು ನಾನೇ ತುಂಬಿ ಜತೆಗಿಟ್ಟಿದ್ದೇನೆ. ಹೆಸರು, ವಿಳಾಸ ಸರಿ. "ವೃತ್ತಿ" ಎಂಬಲ್ಲಿ ಚಿಕ್ಕಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಅಡ್ಡಗೆರೆ ಎಳೆದಳು. "ಮಗುವಿಗೆ ಏನಾಗಬೇಕು" ಎಂಬಲ್ಲಿ ನಾನು ಚಿಕ್ಕ ಅಜ್ಜ ಎಂದು ಶುರು ಮಾಡಿದೆ. "ದೊಡ್ಡೋರು ಇಲ್ಲ ಅಂದ್ಮೇಲೆ ಚಿಕ್ಕೋರು ಯಾಕೆ ಹಿಂದೆ ನಿಲ್ಬೇಕು?" ಅಂದಳು. ಮೊದಲ ಎರಡಕ್ಷರ ಹೊಡೆದು ಹಾಕಿದ್ದೇನೆ. ಅಣ್ಣ ಬೇಸರ ಮಾಡಿಕೊಳ್ಳಲಾರ.

ಕೊನೆಯ ಪ್ರಶ್ನೆ, "ಮಗುವಿನ ಮುಂದಿನ ಬೆಳವಣಿಗೆಯ ಬಗ್ಗೆ ತಮ್ಮ ಅಭಿಪ್ರಾಯ". ಒಂದು ಗಂಟೆ ಅದರ ಮುಂದೆ ಕೂತಿದ್ದೆ. ಕಡೆಗೆ "ತಿಳಿಯದು" ಎಂದು ಬರೆದು ಕೆಳಗೆ ಸಹಿ ಮಾಡಿದೆ. ಅದನ್ನು ತಿದ್ದಬೇಡ. ಕಚೇರಿಯವರು ಕೇಳಿದರೆ, ಇವರು ಡಾಕ್ಟರಲ್ಲ, ಮನೆಯವರು ಎಂದು ಹೇಳು.

ನೀವು ಬಂದು ಇಳಿಯುವ ದಿನ, ಹೊತ್ತು ಬರೆ. ನಾವಿಬ್ಬರೂ ಮುಂಚೆಯೇ ಬಂದು ನಿಂತಿರುತ್ತೇವೆ.

ಇಂತಿ, ಎರಡನೇ ಖಾನೆಯ
ಅಜ್ಜ